ದುರುಗಪ್ಪ ಹಾಕಿದ ಮುಚ್ಚಳ

ಹೋದ ತಿಂಗಳು ಸಿಂಧನೂರಿನ ನಮ್ಮ ಮನೆಗೆ ಕುಸುಬಿ ಎಣ್ಣೆ ಬಂತು. ಎದೆಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರಂತೆ. ಸೊಸೆ ಒಗ್ಗರಣೆಗೆ ಕಾಯಿಸಿದಳು; ನಾನು ತಟ್ಟೆ ಬಿಟ್ಟು ಎದ್ದು ಹೊರಗೆ ಬಂದೆ. ಮುದುಕನ ಸಿಡುಕು ಎಂದುಕೊಂಡಳೋ ಏನೋ. ನಿಮಗಾದರೂ ನಿಜ ಹೇಳುತ್ತೇನೆ.

ಆಗ ನಿಜಾಮರ ಆಳ್ವಿಕೆ, ಯುದ್ಧದ ಕಾಲ. ಹೈಸ್ಕೂಲು ಮುಗಿಸಿದ್ದ ನನಗೆ ಲಿಂಗಸುಗೂರಿನಾಚೆ ಕೃಷ್ಣೆಯ ದಂಡೆಯಲ್ಲಿ ನೌಕರಿ ಸಿಕ್ಕಿತು. ಹೊಳೆಯ ಆಳ ಅಳೆಯುವ ಸಾಹೇಬರೊಬ್ಬರು ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೆಯ ಎಂಜಿನ್ನೊಂದನ್ನು ತಂದಿದ್ದರು. ಅದನ್ನು ನೋಡಿಕೊಳ್ಳುವವನು ನಾನು. ದೋಣಿ ನಡೆಸುವವನು ಅಂಬಿಗರ ದುರುಗಪ್ಪ. ಈ ಕೆಲಸ ನಂಬಿ ತನ್ನ ಹರಿಗೋಲನ್ನು ಮಾರಿಕೊಂಡು ಬಂದಿದ್ದ. ಹೊಳೆಯಲ್ಲೇ ಬೆಳೆದವನು; ನೆಲದ ಮೇಲೆ ನಡೆದರೆ ಸ್ವಲ್ಪ ಓಲಾಡುತ್ತಿದ್ದ. ಎಂಜಿನ್ನಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಆದರೂ ಟೋಪಿ ಇಟ್ಟುಕೊಂಡು ಮೇಸ್ತ್ರಿ ಎನಿಸಿಕೊಂಡಿದ್ದೆ.

ಒಂದು ದಿನ ನನ್ನ ಕಾಲು ತಾಗಿ ಎಂಜಿನ್ ಎಣ್ಣೆಯ ಡಬ್ಬಿ ಮರಳಿನಲ್ಲಿ ಉರುಳಿಹೋಯಿತು. ಸಾಹೇಬರಿಗೆ ಹೇಳುವ ಧೈರ್ಯವಾಗಲಿಲ್ಲ. ಯಾವುದಾದರೇನು, ಎಣ್ಣೆಯೇ ತಾನೇ ಎಂದು ನನ್ನ ಅಡುಗೆಯ ಕುಸುಬಿ ಎಣ್ಣೆಯನ್ನೇ ಬೆರೆಸಿದೆ.

ಕೆಲವು ದಿನ ಓಡಿತು. ಆಮೇಲೆ ತಡವರಿಸತೊಡಗಿತು. ನಿಧಾನಕ್ಕೆ ಹೋದರೆ ಸರಿ. ವೇಗಕ್ಕೆಂದು ಹಿಡಿಕೆ ತಿರುಗಿಸಿದರೆ ಬಿಕ್ಕಿ, ಉಸಿರು ಕಟ್ಟಿದಂತಾಗಿ, ಮತ್ತೆ ಹೊರಡುವುದು.

“ಮೇಸ್ತ್ರಿ, ಹೊಗಿ ಒಗ್ಗರಣಿ ವಾಸನಿ ಬರಾಕತ್ತೈತಿ,” ಎಂದ ದುರುಗಪ್ಪ. “ನಾಳಿಗಿ ನಾಕು ಬದ್ನಿಕಾಯಿ ತರ್ತೀನಿ, ಅದರಾಗ ಹಾಕ್ರಿ. ಪಲ್ಯ ಆದ್ರೂ ಆಗ್ಲಿ.”

“ನೀ ಹುಟ್ಟು ಹಾಕು ಲೇ. ಎಂಜಿನ್ ಮಾತು ನಿನಗ್ಯಾಕ?”

ಒಂದು ಮಧ್ಯಾಹ್ನ ಸಾಹೇಬರನ್ನು ಕೂರಿಸಿಕೊಂಡು ಹೋದಾಗ ನಡುಹೊಳೆಯಲ್ಲಿ ನಿಂತೇಬಿಟ್ಟಿತು. ಸೆಳವಿನಲ್ಲಿ ಬಂಡೆಗೆ ಬಡಿಯಬೇಕಿದ್ದ ದೋಣಿಯನ್ನು ದುರುಗಪ್ಪ ಹುಟ್ಟಿನ ಬಲದಿಂದಲೇ ದಡಕ್ಕೆ ತಂದ. ಸಾಹೇಬರು ಕೆಂಡವಾಗಿದ್ದರು. ನಾನು ಕಾರ್ಬುರೇಟರ್ ಬಿಚ್ಚಿದೆ. ಪೆಟ್ರೋಲು ಹಾಯುವ ಸಣ್ಣ ತೂತಿನ ಸುತ್ತ ಕುಸುಬಿ ಎಣ್ಣೆ ಹಳದಿ ಅಂಟಾಗಿ ಒಣಗಿ ಕೂತಿತ್ತು. ಒಳಗೆ ಆಡಿಸಲು ಕಸಬಾರಿಗೆಯ ಕಡ್ಡಿ ಸಿಗಿದು ಕೊಟ್ಟವನೂ ದುರುಗಪ್ಪನೇ. ಅಂಟು ತೆಗೆದು, ಲಿಂಗಸುಗೂರಿನ ಬಸ್ಸಿನ ಡ್ರೈವರನಿಂದ ಬೇಡಿ ತಂದ ಎಣ್ಣೆಯನ್ನು ಹೊಸ ಪೆಟ್ರೋಲಿಗೆ ಬೆರೆಸಿ ಹಾಕಿದೆ. ಹಿಡಿಕೆ ತಿರುಗಿಸಿದರೆ ಒಂದೇ ಉಸಿರಿನಲ್ಲಿ ಎದ್ದಿತು.

“ಕ್ಯಾ ಖರಾಬಿ ಥೀ?” ಎಂದರು ಸಾಹೇಬರು, ಏನು ಕೆಟ್ಟಿತ್ತೆಂದು.

ನಾನು ಉರ್ದುವಿನಲ್ಲಿ ಹೇಳಿದೆ: ಪೆಟ್ರೋಲಿನಲ್ಲಿ ನೀರು ಸೇರಿತ್ತು, ದುರುಗಪ್ಪ ಡಬ್ಬಿಯ ಮುಚ್ಚಳ ಹಾಕಿರಲಿಲ್ಲ. ಅವರು ಅವನ ಕಡೆ ನೋಡದೆ ಎರಡು ಮಾತಾಡಿ ಹೊರಟುಹೋದರು. ದುರುಗಪ್ಪನಿಗೆ ಉರ್ದು ಬಾರದು.

“ಏನಂದ್ರು ಸಾಹೇಬ್ರು?” ಎಂದು ನನ್ನನ್ನೇ ಕೇಳಿದ.

“ನೀ ಮುಚ್ಚಳ ಹಾಕಿರಲಿಲ್ಲಂತ, ನೀರು ಹೊಕ್ಕೈತಿ. ನಾಳಿಂದ ಬರಬ್ಯಾಡ ಅಂದಾರ.”

ಅವನು ತನ್ನ ಅಂಗೈ ನೋಡಿಕೊಂಡ. “ಹಾಕಿದ್ನಲ್ರೀ,” ಎಂದ. ಸ್ವಲ್ಪ ತಡೆದು, “ಹಾಕಿದ್ದೆ ಅನ್ಸತೈತಿ,” ಎಂದ.

ಹರಿಗೋಲೂ ಇಲ್ಲದವನು ಮಸ್ಕಿಗೆ ಕಲ್ಲು ಹೊರಲು ಹೋದ. ಮಸ್ಕಿಯ ಸಂತೆಯಲ್ಲಿ ಅವನನ್ನು ಎರಡು ಸಲ ಕಂಡಿದ್ದೇನೆ. ಎರಡು ಸಲವೂ ಬಂಡಿಯ ಮರೆಗೆ ಸರಿದಿದ್ದೇನೆ.

ತಟ್ಟೆ ಬಿಟ್ಟೆದ್ದ ಮರುದಿನ ಬಸ್ಸು ಹತ್ತಿ ಗುರುಗುಂಟಾಕ್ಕೆ ಹೋದೆ. ದುರುಗಪ್ಪ ತೀರಿ ಬಹಳ ವರ್ಷವಾಗಿತ್ತು. ಮಗಳು ಅಲ್ಲಿದ್ದಾಳೆಂದು ಕೇಳಿದ್ದೆ. ಅವಳ ತಲೆಯೂ ನರೆತಿತ್ತು. ನಾನು ಯಾರೆಂದು ಹೇಳಿದೆ.

“ಎಂಜಿನ್ ಮೇಸ್ತ್ರಿ ಏನ್ರಿ ನೀವು? ಅಪ್ಪ ಭಾಳ ನೆನಸ್ತಿದ್ದ,” ಎಂದು ಕಂಬಳಿ ಹಾಸಿದಳು. “ಸಾಯೋತನಕ ಮನ್ಯಾಗಿನ ಒಂದೊಂದು ಗಡಿಗಿ ಮುಚ್ಚಳ ಮುಟ್ಟಿ ಮುಟ್ಟಿ ನೋಡ್ತಿದ್ದ. ಅವ್ವ ನಗ್ತಿದ್ಲು. ‘ನಾ ಹಾಕಿದ್ದೆ ಅನ್ಸತೈತಿ, ಆದ್ರ ಓದಿದ ಮನಷ್ಯಾ ಸುಳ್ಳ್ಯಾಕ ಹೇಳ್ತಾನ’ ಅಂತಿದ್ದ.”

ನಾನು ಎಲ್ಲವನ್ನೂ ಹೇಳಿದೆ.

“ಇದನ್ನ ಅವಗ ಹೇಳಬೇಕಿತ್ರಿ,” ಎಂದಳು. “ಮಸ್ಕ್ಯಾಗ ಇದ್ದಾನ ಅಂತ ನಿಮಗ ಗೊತ್ತಿರ್ಲಿಲ್ಲೇನು?”

“ಗೊತ್ತಿತ್ತವ್ವಾ,” ಎಂದೆ.