ಮೌಲಾಸಾಬರ ಕಿವಿ ಸರಿಯಾಗಿತ್ತು

ಆ ಸಂಜೆ ರೇಡಿಯೋದಲ್ಲಿ ಬಂದದ್ದು ಪೂರಿಯಾ ರಾಗ, ಮಾರವಾ ಅಲ್ಲ. ಮಾರವಾ ಎಂದು ಹೇಳಿದವಳು ನಾನು. ತಪ್ಪೆಂದು ಗೊತ್ತಾದ ಮೇಲೂ ಮಾರವಾ ಎಂದೇ ಸಾಧಿಸಿದವಳೂ ನಾನು. ಸಾಧಿಸಿದ್ದಷ್ಟೇ ಅಲ್ಲ — ಒಬ್ಬ ಹಿರಿಯರ ಕಿವಿಯೇ ಕೆಟ್ಟಿದೆ ಎಂದು ಅವರನ್ನೂ, ಅವರ ಸುತ್ತಲಿನವರನ್ನೂ ನಂಬಿಸಿದೆ. ಬಳಸಿ ಬಳಸಿ ಮಾತಾಡುವ ಪೈಕಿ ನಾನಲ್ಲ, ಅದಕ್ಕೇ ಮೊದಲಿಗೇ ಹೇಳಿಬಿಟ್ಟೆ. ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದಿ ಎಂದು ನೀವು ಕೇಳಬಹುದು. ಕೇಳಿ. ಕೇಳಲೇಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ರೇಡಿಯೋ ಕೇಂದ್ರವೊಂದರಲ್ಲಿ ಉದ್ಘೋಷಕಿ. ಸಂಜೆಯ ಒಂದು ಗಂಟೆಯ ಶಾಸ್ತ್ರೀಯ ಸಂಗೀತ ನನ್ನ ಪಾಲಿನದು. ಭಾನುವಾರ ಬೆಳಿಗ್ಗೆ ಶ್ರೋತೃಗಳ ಪತ್ರಗಳಿಗೆ ಉತ್ತರಿಸುವವಳೂ ನಾನೇ. ನನ್ನ ದನಿ ಚೆನ್ನಾಗಿತ್ತು. ಈಗಲೂ ಚೆನ್ನಾಗಿದೆ, ಸುಳ್ಳು ವಿನಯ ಯಾಕೆ? ಅಪ್ಪ ಸಂಗೀತದ ಮಾಸ್ತರರು. ಅಕ್ಷರಕ್ಕಿಂತ ಮೊದಲು ನನಗೆ ಸ್ವರ ಗೊತ್ತಾಗಿತ್ತು. ಹುಬ್ಬಳ್ಳಿಯ ಬಸ್ಸಿನಲ್ಲಿ ನಾನು ಬಾಯಿಬಿಟ್ಟು ಟಿಕೆಟ್ ಕೇಳಿದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ತಲೆಗೆ ಕೊಂಬು ಬಂದಿತ್ತು ಅನ್ನಿ.

ಮೌಲಾಸಾಬರು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಪೇಟಿ ದುರಸ್ತಿ ಮಾಡುತ್ತಿದ್ದರು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಭಜನೆಯವರು, ನಾಟಕದವರು, ಹಾಡು ಕಲಿಸುವ ಮಾಸ್ತರರು, ಎಲ್ಲರೂ ಸ್ವರ ಕೂಡಿಸಲು ಅವರಲ್ಲಿಗೇ ಹೋಗಬೇಕು. ಒಳಗಿನ ಹಿತ್ತಾಳೆಯ ನಾಲಗೆಯನ್ನು ಒಂಚೂರು ಕೆರೆದು, ಕೇಳಿ, ಮತ್ತೆ ಒಂಚೂರು ಕೆರೆದು — ಯಂತ್ರ ಗಿಂತ್ರ ಏನೂ ಇಲ್ಲ, ಬರೀ ಕಿವಿ. ಸಂಜೆ ಅವರ ಅಂಗಡಿಯಲ್ಲಿ ಐದಾರು ಜನ ಕೂತು ನಮ್ಮ ಸಂಗೀತ ಕೇಳುತ್ತಿದ್ದರು, ಕೇಳಿದ ಮೇಲೆ ಒಬ್ಬೊಬ್ಬರೂ ಕಾರ್ಡು ಬರೆಯುತ್ತಿದ್ದರು. ಇದೆಲ್ಲ ನನಗೆ ಗೊತ್ತಿದ್ದದ್ದು ಆ ಕಾರ್ಡುಗಳಿಂದಲೇ. ಯಾರ ಮುಖವನ್ನೂ ನೋಡಿರಲಿಲ್ಲ. ಆ ಗಂಟೆಯನ್ನು ಅರ್ಧಕ್ಕಿಳಿಸಿ ಸಿನಿಮಾ ಹಾಡು ಹಾಕೋಣ ಎಂಬ ಮಾತು ಬಂದಾಗಲೆಲ್ಲ ನಾನು ಮೀಟಿಂಗಿನಲ್ಲಿ ಕಾರ್ಡುಗಳ ಕಟ್ಟನ್ನು ತಂದು ಮೇಜಿನ ಮೇಲೆ ಇಡುತ್ತಿದ್ದೆ. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಆ ಸಂಜೆ ಟೇಪಿನ ಡಬ್ಬಿಯ ಮೇಲಿನ ಚೀಟಿಯಲ್ಲಿ ‘ಮಾರವಾ’ ಎಂದಿತ್ತು, ಓದಿದೆ. ಟೇಪು ಹಚ್ಚಿ, ಸ್ಟುಡಿಯೋದ ಸ್ಪೀಕರ್ ಸಣ್ಣ ಮಾಡಿ, ಗೆಳತಿ ತಂದಿದ್ದ ಅವಲಕ್ಕಿ ತಿನ್ನುತ್ತ ಹರಟೆ ಹೊಡೆದೆ. ಹಾಡು ನನ್ನ ಕಿವಿಗೆ ಬೀಳಲೇ ಇಲ್ಲ. ನಾಲ್ಕನೆಯ ದಿನ ಮೌಲಾಸಾಬರ ಕಾರ್ಡು ಬಂತು. ಮಾತಾಡಿದ ಹಾಗೆಯೇ ಬರೆಯುವವರು ಅವರು; ನಾನು ಅವರಿಗೆ ‘ಬಾಯಾರು’, ಅಂದರೆ ಅಮ್ಮಾವರು.

“ಬಾಯಾರ, ಮೊನ್ನೆ ಹಾಕಿದ್ದು ಪೂರಿಯಾ ಐತ್ರಿ. ನೀವು ಮಾರವಾ ಅಂದ್ರಿ. ರೇಡಿಯೋ ತಪ್ಪಂಗಿಲ್ಲ ಅಂತ ಇಲ್ಲಿ ಮಂದಿ ನನ್ನ ಕೂಡ ವಾದ ಮಾಡಾಕತ್ತಾರ. ಇನ್ನೊಮ್ಮೆ ಹಾಕ್ರಿ. ನಂದ ತಪ್ಪಿದ್ರ ತಿದ್ಕೊಂತೇನಿ.”

ಎರಡು ರಾಗಗಳಲ್ಲೂ ಸ್ವರಗಳು ಅವೇ. ದನಿ ಯಾವ ಸ್ವರದ ಮೇಲೆ ಭಾರ ಹಾಕುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದರಲ್ಲಿ ವ್ಯತ್ಯಾಸ. ಬಲ್ಲವರು ತಪ್ಪುವುದಿಲ್ಲ. ನಾನು ಬಾಗಿಲು ಹಾಕಿಕೊಂಡು ಟೇಪು ಕೇಳಿದೆ — ಎರಡೇ ನಿಮಿಷ. ಪೂರಿಯಾ. ಟೇಪಿನಲ್ಲಿ ಹಾಡಿದ ಗಾಯಕಿ ಎರಡೂ ರಾಗಗಳನ್ನು ಒಂದೇ ದಿನ ಹಾಡಿ ಹೋಗಿದ್ದರು. ಯಾರೋ ಇದರ ಟೇಪನ್ನು ಅದರ ಡಬ್ಬಿಗೆ, ಅದರದನ್ನು ಇದರ ಡಬ್ಬಿಗೆ ಹಾಕಿಟ್ಟಿದ್ದರು.

ತಪ್ಪಾಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ತಪ್ಪು ಒಪ್ಪಿಕೊಂಡರೆ ಅದಕ್ಕೆ ಕುತ್ತು ಬರುತ್ತಿತ್ತು — ಹೀಗೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಮ್ಮ ಮುಖ್ಯಸ್ಥರು ನಕ್ಕು ಬಿಟ್ಟುಬಿಡುವಂಥವರು. ನಿಜ ಏನೆಂದರೆ, ಪೇಟಿ ರಿಪೇರಿಯವನೊಬ್ಬ ಮಾಸ್ತರರ ಮಗಳನ್ನು ತಿದ್ದುವುದೇ ಎಂದು ನನಗೆ ಮೈ ಉರಿದಿತ್ತು. ‘ರಿಪೇರಿಯವನು’ — ಹೌದು, ಏಕವಚನದಲ್ಲೇ ಅಂದುಕೊಂಡೆ.

ಭಾನುವಾರ ಅವರ ಕಾರ್ಡನ್ನು ಪೂರ್ತಿ ಓದಿದೆ. ಆಮೇಲೆ ಜೇನು ಸುರಿಸುವ ದನಿಯಲ್ಲಿ ಹೇಳಿದೆ: “ಮೌಲಾಸಾಬರ ಅಭಿಮಾನ ದೊಡ್ಡದು. ಆದರೆ ಅಭಿಮಾನ ಇದ್ದ ಮಾತ್ರಕ್ಕೆ ರಾಗ ತಿಳಿಯಬೇಕೆಂದಿಲ್ಲ. ಅದೇ ಧ್ವನಿಮುದ್ರಣವನ್ನು ಮತ್ತೆ ಕೇಳಿಸುತ್ತೇನೆ, ನೀವೇ ತೀರ್ಮಾನಿಸಿ.”

ಅದೇ ಧ್ವನಿಮುದ್ರಣ! ನಾನು ಹಾಕಿದ್ದು ಇನ್ನೊಂದು ಟೇಪು, ನಿಜವಾದ ಮಾರವಾ. ಗಾಯಕಿ ಅವರೇ, ದನಿ ಅದೇ. ಹಾಡಿನ ಸಾಹಿತ್ಯ ಶುರುವಾದರೆ ಇದು ಬೇರೆ ಹಾಡೆಂದು ಗುಟ್ಟು ಒಡೆಯುತ್ತದೆಂದು ಮೊದಲಿನ ಆಲಾಪ ಐದು ನಿಮಿಷ ಕೇಳಿಸಿ ನಿಲ್ಲಿಸಿದೆ. ಇದು ಬಾಯಿತಪ್ಪಿ ಆದದ್ದಲ್ಲ, ಕೂತು ಯೋಚಿಸಿ ಮಾಡಿದ ಕೆಲಸ. ಕಾರ್ಯಕ್ರಮ ಮುಗಿದ ಮೇಲೆ ಎರಡೂ ಟೇಪುಗಳನ್ನು ಅವವುಗಳ ಡಬ್ಬಿಗೆ ಸರಿಯಾಗಿ ಹಾಕಿಟ್ಟೆ. ಇನ್ನು ಯಾರು ಬಂದು ಹುಡುಕಿದರೂ ಏನೂ ಸಿಗುತ್ತಿರಲಿಲ್ಲ.

ಮುಂದಿನ ವಾರ ಇನ್ನೊಂದು ಕಾರ್ಡು. “ಖರೇ ಐತ್ರಿ ಬಾಯಾರ, ಮಾರವಾನ. ಎಲ್ಲಾರೂ ಕೂಡಿ ಕೇಳಿದ್ವಿ. ನನ್ನ ಕಿವಿ ಕೈಕೊಟ್ಟಾವ. ಮಾಫ್ ಮಾಡ್ರಿ.”

ಅದನ್ನೂ ಓದಿದೆ ನಾನು, ರೇಡಿಯೋದಲ್ಲಿ! ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ಆಮೇಲೆ ಅವರ ಕಾರ್ಡು ಬರಲಿಲ್ಲ. ಮೆಲ್ಲಗೆ ಉಳಿದವರವೂ ನಿಂತವು. ಮುಂದಿನ ಸಲ ಸಿನಿಮಾ ಹಾಡಿನ ಮಾತು ಬಂದಾಗ ಮೇಜಿನ ಮೇಲೆ ಇಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಸಂಗೀತದ ಗಂಟೆ ಅರ್ಧ ಗಂಟೆಯಾಯಿತು. ಜನಕ್ಕೆ ಅಭಿರುಚಿ ಇಲ್ಲ, ಕಾಲ ಕೆಟ್ಟಿತು ಎಂದು ನಾನು ಎಲ್ಲರ ಮುಂದೆ ಗೊಣಗಿಕೊಂಡು ಓಡಾಡಿದೆ.

ಹತ್ತು ಹನ್ನೆರಡು ವರ್ಷ ಹೋದವು. ಕೆಲಸ ಕಾಯಂ ಆಯಿತು, ನವನಗರದಲ್ಲಿ ಮನೆಯಾಯಿತು. ಈಚೆಗೆ ಅಪ್ಪನ ಹಳೆಯ ಪೇಟಿ ಅಪಸ್ವರ ನುಡಿಯತೊಡಗಿತು. ಹಳೇ ಹುಬ್ಬಳ್ಳಿಯ ಮೌಲಾಸಾಬರ ಹತ್ತಿರ ಒಯ್ಯಿರಿ ಎಂದು ಯಾರೋ ಅಂದರು. ಬೇರೆ ಯಾರಾದರೂ ಸಿಗುತ್ತಿದ್ದರು. ಆದರೂ ಅಲ್ಲಿಗೇ ಹೋದೆ.

ಎರಡು ಮಾತಾಡುವಷ್ಟರಲ್ಲಿ ಅವರಿಗೆ ನನ್ನ ದನಿ ಗುರುತು ಸಿಕ್ಕಿತು. “ರೇಡಿಯೋ ಬಾಯಾರ! ಬರ್ರಿ, ಕುಂದರ್ರಿ!” ಎಂದು ಸ್ಟೂಲು ಒರೆಸಿದರು, ಚಹಾ ತರಿಸಿದರು. ತೆಳ್ಳಗಿನ ಮುದುಕರು, ಬೆರಳ ತುಂಬ ಮರ ಅಂಟಿಸುವ ಸರಸಿನ ಕಲೆ. ಪೇಟಿಯ ತಿದಿ ಒತ್ತಿ ನೋಡಿ ಹೇಳಿದರು:

“ಗಾಳಿ ಹೋಗೋದು ಬಂದ್ ಮಾಡಿ ಕೊಡ್ತೇನ್ರಿ. ಸ್ವರ ಕೂಡ್ಸಾಕ ಮಾತ್ರ ಮೀರಜಿಗೆ ಕಳಸ್ರಿ.”

“ಯಾಕ ಕಾಕಾ, ನೀವ ಕೂಡಸ್ರಲ್ಲ?”

“ಆ ಕೆಲಸ ಬಿಟ್ಟು ಭಾಳ ವರ್ಷಾತ್ರಿ. ನೀವ ಅಲ್ರಿ ತೋರಿಸಿಕೊಟ್ಟೋರು? ಪೂರಿಯಾ ಯಾವ್ದು ಮಾರವಾ ಯಾವ್ದು ತಿಳೀದ ಕಿವಿ ಹಿಡ್ಕೊಂಡು ಮಂದಿ ಪೇಟಿ ಕೆಡಸ್ತಿದ್ದೆ. ನಿಮ್ಮ ಉಪಕಾರ ಐತ್ರಿ.”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆಷ್ಟೋ ಹಗುರಾಗುತ್ತಿತ್ತು. ಮನಸಾರೆ ಅಂದರು, ಮತ್ತು ನಾನು... ಚಹಾ ಕುಡಿದು ಎದ್ದು ಬಂದೆ.

ಮರುವಾರ ಪೇಟಿ ತರಲು ಹೋದಾಗ ಎಲ್ಲ ಹೇಳಿದೆ. ಡಬ್ಬಿ, ಎರಡು ಟೇಪು, ಐದು ನಿಮಿಷದ ಆಲಾಪ, ನನ್ನ ಸೊಕ್ಕು, ಒಂದನ್ನೂ ಬಿಡಲಿಲ್ಲ. ಅವರು ತಲೆ ತಗ್ಗಿಸಿ ಕೇಳಿದರು. ಬೈಯಲಿ ಎಂದು ಕಾದೆ. ಮೆಲ್ಲಗೆ ನಕ್ಕರು.

“ದೊಡ್ಡ ಮನಸ್ಸಿನವ್ರು ನೀವು. ಮುದುಕನ ಸಮಾಧಾನಕ್ಕ ಇಷ್ಟೆಲ್ಲಾ ಹೇಳಾಕತ್ತೀರಿ. ನಾ ಅವತ್ತು ಕಿವಿಯಾರ ಕೇಳೇನ್ರಿ, ಮಾರವಾನ ಇತ್ತು.”

“ಅದು ಬ್ಯಾರೆ ಟೇಪ್, ಕಾಕಾ! ಸುಳ್ಳು ಹೇಳಿದ್ದೆ ನಾನು!”

“ರೇಡಿಯೋದಾಗ ಯಾರರ ಸುಳ್ಳು ಹೇಳ್ತಾರೇನ್ರಿ?”

ಊರಿಗೆ ಊರನ್ನೇ ನಂಬಿಸಿದ ದನಿ ನನ್ನದು. ಒಬ್ಬರನ್ನು ನಂಬಿಸಲಾಗಲಿಲ್ಲ. ಬೇರೇನೂ ತೋಚದೆ, ಅಲ್ಲೇ ಸ್ಟೂಲಿನ ಮೇಲೆ ಕೂತು ಪೂರಿಯಾ ಹಾಡಿದೆ. ನಾಲ್ಕೇ ಆಲಾಪ. ಅವರ ಕಣ್ಣು ಮುಚ್ಚಿತು, ತಲೆ ತೂಗಿತು. ಬೆರಳು ಮೊಣಕಾಲಿನ ಮೇಲೆ ನಿಲ್ಲಬೇಕಾದ ಕಡೆ ನಿಂತು, ಸಾಗಬೇಕಾದ ಕಡೆ ಸಾಗುತ್ತಿತ್ತು. ಅವರಿಗೆ ಗೊತ್ತಿತ್ತು! ನಿಲ್ಲಿಸಿ ಕೇಳಿದೆ: “ಇದು ಯಾವ ರಾಗ, ಹೇಳ್ರಿ ಕಾಕಾ.”

ತುಟಿ ಅಲುಗಿತು. ಇನ್ನೇನು ಹೆಸರು ಬರಬೇಕು — ತಟ್ಟನೆ ಕಣ್ಣು ತೆರೆದು, ನನ್ನ ಮುಖ ನೋಡಿ, “ನೀವ ಹೇಳ್ರಿ ಬಾಯಾರ” ಎಂದರು.

ನಾನು ಹೇಳಲಿಲ್ಲ. ಆಮೇಲೆ ಮೂರು ಭಾನುವಾರ ಹೋಗಿದ್ದೇನೆ, ಮೂರು ಸಲವೂ ಹಾಡಿದ್ದೇನೆ, ಮೂರು ಸಲವೂ ಅವರು ಅದನ್ನೇ ಅಂದಿದ್ದಾರೆ. ಅವತ್ತು ಅವರ ಜೊತೆ ಕೂತು ಕೇಳಿದವರಲ್ಲಿ ಯಾರಾದರೂ ಇದನ್ನು ಓದಿದರೆ ದಯವಿಟ್ಟು ಆ ಅಂಗಡಿಗೆ ಹೋಗಿ, ಅವರು ಹೇಳಿದ್ದೇ ಸರಿ ಇತ್ತು ಎಂದು ಹೇಳಿ. ನಾನಂತೂ ಹೋಗುತ್ತಲೇ ಇರುತ್ತೇನೆ. ರಾಗದ ಹೆಸರನ್ನು ಅವರೇ ಹೇಳಬೇಕು; ಅಲ್ಲಿಯವರೆಗೆ ಹಾಡುತ್ತೇನೆ, ಹಾಡಿ ಸುಮ್ಮನೆ ಕೂರುತ್ತೇನೆ.