ಕಲ್ಲುಮಾಮ ಮೇಲೆ ಹತ್ತಿದ ಸಂಜೆ

ಬೆಟ್ಟದ ಬುಡದ ಊರಿನಲ್ಲಿ ಅವನು ಎಲ್ಲರಿಗೂ ಕಲ್ಲುಮಾಮ. ಜೀಪಿನಲ್ಲಿ ಸದಾ ಒಂದು ದಪ್ಪ ಕಲ್ಲು ಇಟ್ಟುಕೊಂಡಿರುತ್ತಾನೆ. ಗಾಡಿ ನಿಲ್ಲಿಸಿದ ಕೂಡಲೇ ಇಳಿದು ಹಿಂದಿನ ಚಕ್ರಕ್ಕೆ ಅಡ್ಡ ಕೊಡುತ್ತಾನೆ. ಹ್ಯಾಂಡ್‌ಬ್ರೇಕನ್ನು ನಂಬುವ ಜಾಯಮಾನ ಅವನದಲ್ಲ. ಕಲ್ಲು ಕೊಟ್ಟ ಮೇಲೂ ನಂಬಿಕೆಯಿಲ್ಲ, ಜೀಪು ಬಿಟ್ಟು ಕದಲುವುದಿಲ್ಲ.

ಅವನ ಕೆಲಸ ಸಂಜೆಯದು. ಹಳ್ಳ ದಾಟಿಸಿ, ಉರುಳುಗಲ್ಲುಗಳ ಮೇಲೆ ಪ್ರವಾಸಿಗರ ಕರುಳು ಬಾಯಿಗೆ ಬರುವಂತೆ ಕುಲುಕಾಡಿಸಿ, ಮರಗಳು ಮುಗಿಯುವ ತಿರುವಿನಲ್ಲಿ ಇಳಿಸುತ್ತಾನೆ. ಅಲ್ಲಿಂದ ಕಾಲುದಾರಿ, ಸ್ವಲ್ಪ ಹತ್ತಿದರೆ ಹುಲ್ಲುಗಾವಲು. ಅವರು ಹೂವು ನೋಡಿ ಇಳಿದು ಬರುವ ತನಕ ಇವನು ಜೀಪು ತಿರುಗಿಸಿಟ್ಟು ಕಾಯುತ್ತಾನೆ. ದಾರಿಯುದ್ದಕ್ಕೂ ಅವನು ಹುಲ್ಲುಗಾವಲನ್ನು ಬಣ್ಣಿಸುವುದು ಕೇಳಿದರೆ ಅಲ್ಲೇ ಹುಟ್ಟಿ ಬೆಳೆದವನು ಎನ್ನಬೇಕು. ತಮಾಷೆಯೆಂದರೆ, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಕಂಡಿರಲಿಲ್ಲ. ಬಣ್ಣನೆಯೆಲ್ಲ ಹೆಂಡತಿಯಿಂದ ಎರವಲು. ಅವಳು ಹುಡುಗಿಯಾಗಿದ್ದಾಗ ಅಲ್ಲಿ ಕುರಿ ಕಾಯ್ದವಳು.

"ರೀ, ಒಂದಿನ ಮೇಲೆ ಹತ್ತಿ ನೋಡ್ರೀ. ಆ ಬಂಡೆ ಹತ್ರ ನಿಂತು ಕೆಳಗೆ ನೋಡಿ," ಎನ್ನುತ್ತಿದ್ದಳು.

"ಜೀಪು ಯಾರು ನೋಡ್ಕೋತಾರೆ? ನಾಳೆ ಹೋದ್ರಾಯ್ತು."

"ಆ ಜೀಪು ನನ್ನ ಸವತಿ ಕಣ್ರೀ!"

ಅವಳಿಗೊಂದು ಚಾಳಿಯಿತ್ತು. ಹೊದೆಯುವ ಕೆಂಪು ಕಂಬಳಿಯನ್ನು ಸಂಜೆ ಹೊತ್ತಿನಲ್ಲಿ ತಾರಸಿಯ ಮೇಲೆ ಹರವುವುದು. ಬಿಸಿಲಿಗೆ ಹರವುವವರನ್ನು ಅವನು ಕಂಡಿದ್ದ, ಇಬ್ಬನಿಗೆ ಹರವುವವರನ್ನಲ್ಲ. ರಾತ್ರಿ ಆ ಒದ್ದೆ ಕಂಬಳಿ ಹೊದ್ದು, "ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ಬೈಯುತ್ತಿದ್ದ. "ಮೇಲೆ ಹತ್ತಿದ ದಿನ ಗೊತ್ತಾಗುತ್ತೆ ಬಿಡಿ," ಎಂದು ಅವಳು ಮಗ್ಗುಲು ಬದಲಿಸುತ್ತಿದ್ದಳು. ಇಳಿದು ಬಂದ ಪ್ರವಾಸಿಗರು ಕೆಲವೊಮ್ಮೆ, "ಕೆಳಗೆ ದೂರದಲ್ಲಿ ಕೆಂಪಗೆ ಏನೋ ಕಾಣ್ತಿತ್ತಲ್ಲ, ಏನದು?" ಎಂದು ಕೇಳಿದರೆ, "ಯಾವುದೋ ಹೂವಿನ ಗಿಡ ಇರ್ಬೇಕು," ಎಂದು ಬಾಯಿಗೆ ಬಂದದ್ದು ಹೇಳಿ ಸಾಗಹಾಕುತ್ತಿದ್ದ.

ಕಳೆದ ಚಳಿಗಾಲದಲ್ಲಿ ಅವಳು ತೀರಿಹೋದಳು. ಅವಳು ಹೇಳಿದ ಜಾಗವನ್ನು ಒಮ್ಮೆಯಾದರೂ ನೋಡಬೇಕೆಂಬ ಆಸೆ ಅವನನ್ನು ತಿನ್ನತೊಡಗಿತು. ಬಿಡುವಿನ ದಿನ ಹೋಗಬಹುದಿತ್ತು. ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಬಂದು ಮತ್ತೆ ಒಳಗೆ ಹೋಗಿ ಕೂರುತ್ತಿದ್ದ. ಅವಳಿಲ್ಲದೆ ಅವಳ ಜಾಗ ನೋಡಲು ಧೈರ್ಯ ಸಾಲದು. ಕೆಲಸದ ದಿನ ಹೇಳಿಕೊಳ್ಳಲು ಜೀಪಿನ ನೆಪ ಇದ್ದೇ ಇತ್ತು.

ಮೊನ್ನೆಯ ಸಂಜೆ ಗುಂಪಿನಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಇದ್ದರು. ಮಂಡಿನೋವಿನಿಂದ ಮಗ ಸೊಸೆಯನ್ನು ಮೇಲೆ ಕಳಿಸಿ ತಾವು ತಿರುವಿನಲ್ಲೇ ಉಳಿದರು. ಇವನು ಮತ್ತೆ ಮತ್ತೆ ಕಾಲುದಾರಿಯ ಕಡೆ ನೋಡುವುದನ್ನು ಕಂಡು ಮೆಲ್ಲಗೆ ಬಾಯಿ ಬಿಡಿಸಿದರು. ಎಲ್ಲ ಕೇಳಿ, "ಹೋಗಿ ಬಾರಪ್ಪ, ಜೀಪಿಗೆ ನಾನಿದ್ದೀನಿ," ಎಂದರು.

"ಅದು ಉರುಳಿಬಿಟ್ರೆ, ಅಮ್ಮಾ?"

"ಜೀವಮಾನವೆಲ್ಲ ತುಂಟ ಮಕ್ಕಳನ್ನ ಕೂತಲ್ಲಿ ಕೂರಿಸಿದ್ದೀನಿ. ನಿನ್ನ ಜೀಪು ಯಾವ ಲೆಕ್ಕ?"

ಇನ್ನು ನೆಪ ಉಳಿಯಲಿಲ್ಲ. ಕಲ್ಲನ್ನು ಇನ್ನೊಮ್ಮೆ ಒದ್ದು ನೋಡಿ, ಹತ್ತತೊಡಗಿದ.

ಮೇಲೆ ಎಲ್ಲವೂ ಅವಳು ಹೇಳಿದಂತೆಯೇ ಇತ್ತು. ಮೊಣಕಾಲುದ್ದ ಹುಲ್ಲು, ನೀಲಿ ಹೂವು, ಕುರಿಗಳು ಮೈ ತಿಕ್ಕಿ ತಿಕ್ಕಿ ನುಣುಪಾದ ಬಂಡೆ. ಅದರ ಬಳಿ ನಿಂತು ಕೆಳಗೆ ನೋಡಿದ. ಊರೆಲ್ಲ ದಿಬ್ಬದ ಮರೆಯಲ್ಲಿತ್ತು. ಕಾಣುತ್ತಿದ್ದುದು ಒಂದೇ ಒಂದು ತಾರಸಿ, ಅವನ ಮನೆಯದು. ಅದರ ಮೇಲೆ ಏನೂ ಇರಲಿಲ್ಲ.

ಇವತ್ತಾದರೂ ಗಂಡ ಮೇಲೆ ಹತ್ತಿರಬಹುದು ಎಂದು ಅವಳು ಸಂಜೆ ಸಂಜೆ ಕಂಬಳಿ ಹರವಿದ್ದಳು. ಇವನು ಇಲ್ಲೇ, ಕೂಗಳತೆಯ ಕೆಳಗೆ, ಚಕ್ರಕ್ಕೆ ಕಲ್ಲು ಕೊಟ್ಟು ಬೀಡಿ ಸೇದುತ್ತಾ ಕೂತಿದ್ದ. ಬಂಡೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ.

"ಏನು ನೋಡ್ದೆ?" ಎಂದು ಇಳಿದು ಬಂದವನನ್ನು ಟೀಚರಮ್ಮ ಕೇಳಿದರು.

"ನಮ್ಮನೆ," ಎಂದ.

ಎಲ್ಲರನ್ನೂ ಇಳಿಸಿ ಮನೆಗೆ ಬಂದವನು ಪೆಟ್ಟಿಗೆಯಿಂದ ಕಂಬಳಿ ತೆಗೆದು ತಾರಸಿಯ ಮೇಲೆ ಹರವಿದ. ಮಲಗುವ ಹೊತ್ತಿಗೆ ಅದು ಇಬ್ಬನಿಗೆ ನೆನೆದಿತ್ತು. ಹಾಗೇ ತಂದು ಹೊದ್ದುಕೊಂಡ. ಬೈಯೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.