ತಬಸ್ಸುಮ್ ಟೀಚರ್ ಬದಲಿಸದ ಎಸ್‌ಎಂಪಿಎಸ್

ಚಿತ್ತಾಪುರದ ನಮ್ಮ ಹೆಣ್ಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ತಬಸ್ಸುಮ್ ಟೀಚರ್ ಜೊತೆ ವಾದ ಮಾಡಿ ನನಗೆ ಸಾಕಾಗಿಹೋಗಿತ್ತು. ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿ ಹಳೆಯದಾಗಿ ಸುಟ್ಟ ವಾಸನೆ ಬರುತ್ತಿದ್ದರೂ, ಅವರು ಮಗುವಿನ ಜ್ವರ ನೋಡಿದಂತೆ ಅದರ ಮೇಲೆ ಕೈಯಿಟ್ಟು, "ಇವತ್ತು ಛಲೋ ನಡೀಲಿಕತ್ತದ್ರಿ, ಮುಂದಿನ ತಿಂಗಳ ನೋಡೋಣು" ಎನ್ನುತ್ತಿದ್ದರು. ಆ ಮುಂದಿನ ತಿಂಗಳು ಎರಡು ವರ್ಷವಾದರೂ ಬರಲಿಲ್ಲ. "ಮ್ಯಾಲಿನ ಆಫೀಸಿಗೆ ಬರೀರಿ, ಹೊಸಾದು ಹಾಕ್ತಾರ" ಎಂದು ಒಮ್ಮೆ ರೇಗಿದೆ. "ಬರದ್ರ ಕಂಪ್ಯೂಟರೇ ಒಯ್ತಾರ್ರಿ ಸರ್. ಮದಲಿಂದು ಒಯ್ದವ್ರು ತಿರುಗಿ ತಂದೇ ಇಲ್ಲ. ಸರಕಾರಿ ಸಾಮಾನು ನಾವಂತೂ ಬಿಚ್ಚಂಗಿಲ್ಲ" ಎಂದರು. ಮರುದಿನ ಬೇಗ ಹೋದಾಗ ನೋಡಿದೆ: ಹುಡುಗಿಯರನ್ನೆಲ್ಲ ಬಾಗಿಲಾಚೆ ನಿಲ್ಲಿಸಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಅವರೊಬ್ಬರೇ ಕಣ್ಣು ಮುಚ್ಚಿ ಸ್ವಿಚ್ ಒತ್ತುತ್ತಿದ್ದರು. ಪರದೆ ಬೆಳಗಿದ ಮೇಲೆಯೇ ಬಾಗಿಲಿನತ್ತ ತಿರುಗಿ, "ಬರ್ರಿ, ಕುಂದ್ರಿ" ಎಂದರು.